ಸುಚಿತ್ರಾಳ ಜ್ವರ

ನನ್ನ ಮಗಳು ಸುಚಿತ್ರಾಳ ಕಿವಿ ಜ್ವರದಿಂದ ಹೋಯಿತು ಎಂದು ಊರಿಗೆಲ್ಲ ಹೇಳಿದವನು ನಾನು. ಅದು ಸುಳ್ಳು. ಸುಳ್ಳೆಂದು ಗೊತ್ತಿದ್ದೇ ಹೇಳಿದೆ, ಎರಡು ವರ್ಷ ಹೇಳಿದೆ. ಸುಳ್ಳು ಹೇಳುವವನಿಗೆ ನೆನಪು ಗಟ್ಟಿ ಇರಬೇಕು ಅನ್ನುತ್ತಾರೆ. ನನ್ನದು ಒಂದೇ ಮಾತಿನ ಸುಳ್ಳು, ನೆನಪಿಡುವುದು ಕಷ್ಟವೇನೂ ಆಗಲಿಲ್ಲ.

ನನ್ನ ಹೆಸರು ಪ್ರವೀಣಕುಮಾರ. ರಾಣೇಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ಫೀಲ್ಡ್ ಸೂಪರ್‌ವೈಸರ್. ಮೇಡ್ಲೇರಿ, ಗುತ್ತಲ, ಗಳಗನಾಥದ ಸುತ್ತಿನ ರೈತರು ನಮ್ಮ ಕಂಪನಿಗೆ ಹೈಬ್ರಿಡ್ ಹತ್ತಿ ಬೀಜ ಬೆಳೆದುಕೊಡುತ್ತಾರೆ. ಅದು ಬಿತ್ತಿ ಮರೆತುಬಿಡುವ ಬೆಳೆಯಲ್ಲ. ಗಂಡು ತಳಿಯ ಸಾಲು ಬೇರೆ, ಹೆಣ್ಣು ತಳಿಯ ಸಾಲು ಬೇರೆ. ಸಂಜೆ ಹೆಣ್ಣು ಸಾಲಿನ ಮೊಗ್ಗು ಸುಲಿದು ಒಳಗಿನ ಗಂಡು ಭಾಗ ತೆಗೆಯಬೇಕು. ಮರುದಿನ ಬೆಳಿಗ್ಗೆ ಬಿಸಿಲೇರುವುದರೊಳಗೆ ಗಂಡು ಸಾಲಿನ ಹೂ ತಂದು ಮುಟ್ಟಿಸಬೇಕು. ಈ ಕೆಲಸಕ್ಕೆ ಎಲ್ಲರೂ ಕ್ರಾಸಿಂಗ್ ಅನ್ನುತ್ತಾರೆ. ಮಾಡುವವರು ಹೆಂಗಸರು, ತಪ್ಪು ಹುಡುಕುವವನು ನಾನು. ಸುಲಿಯದೆ ಬಿಟ್ಟ ಒಂದು ಮೊಗ್ಗು ಸಿಕ್ಕರೂ ಸಾಕು, "ತನ್ನದಕ್ಕೆ ತಾನೇ ಕೂಡಿದ ಬೀಜ ಸೊರಗುತ್ತದೆ, ಒಳಗೆ ಅಡಗಿದ್ದ ದೋಷ ಹೊರಗೆ ಬರುತ್ತದೆ" ಎಂದು ಬದುವಿನ ಮೇಲೆ ನಿಂತು ಭಾಷಣ ಬಿಗಿಯುತ್ತೇನೆ. ಇಷ್ಟೆಲ್ಲ ತಿಳಿದವನು ಮದುವೆಯಾದದ್ದು ಸ್ವಂತ ಅಕ್ಕನ ಮಗಳನ್ನು. ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ.

ನಮ್ಮ ಕಡೆ ಅದನ್ನು ಯಾರೂ ತಪ್ಪು ಅನ್ನುವುದಿಲ್ಲ. ಅಕ್ಕ ಮಗಳನ್ನು ಕೊಡುತ್ತೇನೆ ಅಂದಾಗ ತಮ್ಮ ಒಲ್ಲೆ ಅಂದರೆ, ಅವಳ ಮುಖಕ್ಕೆ ತವರಿನ ಬಾಗಿಲು ಹಾಕಿದ ಹಾಗೆ. ಬ್ಯಾಡಗಿಯಲ್ಲಿರುವ ನನ್ನ ಅಕ್ಕ ದೊಡ್ಡ ಮಗಳು ನೀಲಾಳನ್ನು ನನಗೆ ಕೊಟ್ಟಳು. ಹುಟ್ಟಿದಾಗಿನಿಂದ ನನ್ನನ್ನು "ಮಾಮಾ" ಅನ್ನುತ್ತಿದ್ದ ಹುಡುಗಿ ಮದುವೆಯಾದ ಮೇಲೂ ಹಾಗೇ ಕರೆಯುತ್ತಾಳೆ. "ನೀ" ಅನ್ನುವುದು ಹೋಗಿ "ನೀವು" ಬಂತು, ಅಷ್ಟೇ. ನನ್ನ ತಾಯಿ ರೇಣುಕವ್ವ ಅವಳಿಗೆ ಅಜ್ಜಿಯೂ ಹೌದು, ಅತ್ತೆಯೂ ಹೌದು. ಅತ್ತೆ ಸೊಸೆಯ ಜಗಳವಿಲ್ಲದ ಮನೆ ಎಂದು ಮೇಡ್ಲೇರಿಯಲ್ಲಿ ನಮಗೆ ಹೆಸರಿತ್ತು.

ಸುಚಿತ್ರಾ ಎಂಟು ತಿಂಗಳ ಕೂಸಿದ್ದಾಗ ಜ್ವರ ಬಂದದ್ದು ನಿಜ. ಕ್ರಾಸಿಂಗಿನ ಭರ. ನಮ್ಮದೇ ಹೊಲ, ಆಳು ಕಡಿಮೆ. ಬೆಳಿಗ್ಗೆಯೇ ಕೂಸಿನ ಮೈ ಸ್ವಲ್ಪ ಬೆಚ್ಚಗಿತ್ತಂತೆ. ನೀಲಾ ಅದನ್ನು ಬೇವಿನ ಗಿಡಕ್ಕೆ ಕಟ್ಟಿದ ಜೋಳಿಗೆಯಲ್ಲಿ ಮಲಗಿಸಿ, ಉಳಿದ ಎರಡು ಸಾಲು ಮುಗಿಸಿ ಬರುವಷ್ಟರಲ್ಲಿ ಹನ್ನೊಂದು ಗಂಟೆ. ಕೂಸು ಕಾದ ಹಂಚಾಗಿತ್ತು. ರಾಣೇಬೆನ್ನೂರಿನ ಆಸ್ಪತ್ರೆಯಲ್ಲಿ ಎರಡು ದಿನ ಇಟ್ಟುಕೊಂಡರು, ಜ್ವರ ಇಳಿಯಿತು. ಆಮೇಲೆ ಎಲ್ಲರ ಕಣ್ಣು ಕೂಸಿನ ಮೇಲೆ ಬಿತ್ತು. ಬೆನ್ನ ಹಿಂದೆ ತಾಟು ಬಡಿದರೂ ಅದು ತಿರುಗುವುದಿಲ್ಲ ಅನ್ನುವುದು ಆಗ ಕಂಡಿತು. ಅದಕ್ಕೆ ಕುತ್ತಿಗೆ ನಿಂತದ್ದೇ ಆರು ತಿಂಗಳಿಗೆ. ಅದನ್ನು ಮಾತ್ರ ಯಾರೂ ನೆನಪಿಗೆ ತಂದುಕೊಳ್ಳಲಿಲ್ಲ.

ವರ್ಷ ತುಂಬಿದರೂ ಕೂರಲಿಲ್ಲ. ಹಾವೇರಿಯಲ್ಲಿ ತಲೆಗೆ ವಾಯರು ಅಂಟಿಸಿ ಕಿವಿಯ ಪರೀಕ್ಷೆ ಮಾಡಿದರು. ಎರಡೂ ಕಿವಿ ಬಹಳ ಮಂದ ಅಂದರು, ಮಷೀನು ಬರೆದುಕೊಟ್ಟರು, ವಾರಕ್ಕೊಮ್ಮೆ ತರಬೇತಿಗೆ ಬರಹೇಳಿದರು. ಕಿವಿಯೂ ಮಂದ, ಬೆಳವಣಿಗೆಯೂ ತಡ, ಎರಡೂ ಒಟ್ಟಿಗೆ ಇರುವುದರಿಂದ ಹುಬ್ಬಳ್ಳಿಗೆ ಹೋಗಿ ಮೂವರೂ ರಕ್ತ ಕೊಟ್ಟು ಬನ್ನಿ ಎಂದೂ ಹೇಳಿದರು. ಕೊಟ್ಟು ಬಂದೆವು. ಒಂದೂವರೆ ತಿಂಗಳ ಮೇಲೆ ವರದಿ ತರಲು ನಾನೊಬ್ಬನೇ ಹೋದೆ. ಕಂಪನಿಯ ಮೀಟಿಂಗೂ ಅದೇ ದಿನ ಹುಬ್ಬಳ್ಳಿಯಲ್ಲಿತ್ತು.

ವಿವರಿಸಿದವರು ಒಬ್ಬ ಡಾಕ್ಟರಮ್ಮ, ನನಗಿಂತ ಚಿಕ್ಕವರು. ಕಾಯಿಲೆಗೆ ಒಂದು ಉದ್ದನೆಯ ಇಂಗ್ಲಿಷ್ ಹೆಸರು, ಅದನ್ನು ಅವರೂ ಕಾಗದ ನೋಡಿಕೊಂಡೇ ಓದಿದರು. ಲಕ್ಷಕ್ಕೊಬ್ಬರಿಗೂ ಬಾರದ್ದು ಅಂದರು.

"ನಿಮ್ಮ ಮನೀಯವರನ್ನ ಕರಕೊಂಡ ಬರಬೇಕಿತ್ತರಿ. ಇದು ಇಬ್ಬರೂ ಕೇಳೋ ಮಾತು."

"ಮುಂದಿನ ಸಲ ಕರಕೊಂಡ ಬರ್ತೇನ್ರಿ. ನನಗ ಹೇಳ್ರಿ."

ಅವರು ಹಾಳೆಯ ಮೇಲೆ ಎರಡು ಗೊಂಬೆ ಬರೆದು ಅರ್ಧರ್ಧ ಬಣ್ಣ ತುಂಬಿದರು. ತಂದೆಯಲ್ಲಿ ಒಂದು ಪಾಲು ದೋಷ, ತಾಯಿಯಲ್ಲಿ ಒಂದು ಪಾಲು. ಇಬ್ಬರೂ ಆರಾಮಾಗಿ ಇರುತ್ತಾರೆ, ಹೊರಗೆ ಏನೂ ಕಾಣುವುದಿಲ್ಲ. ಎರಡೂ ಪಾಲು ಒಂದೇ ಕೂಸಿಗೆ ಬಂದರೆ ಮಾತ್ರ ಕಾಯಿಲೆ. ಪ್ರತಿ ಬಸಿರಿಗೂ ನಾಲ್ಕರಲ್ಲಿ ಒಂದು ಸಂಭವ. "ರಕ್ತಸಂಬಂಧದ ಒಳಗ ಲಗ್ನ ಆದ್ರ ಹಿಂಗ ಕೂಡೋದು ಜಾಸ್ತಿ" ಎಂದು ಮೆತ್ತಗೆ ಹೇಳಿದರು. ನನಗೆ ಅವರು ಹೇಳುವ ಮೊದಲೇ ತಿಳಿದಿತ್ತು. ಇದನ್ನೇ ಅಲ್ಲವೇ ನಾನು ಬದುವಿನ ಮೇಲೆ ನಿಂತು ಒದರುವುದು.

"ಜ್ವರಕ್ಕೂ ಇದಕ್ಕೂ ಸಂಬಂಧ ಐತೇನ್ರಿ?" ಎಂದು ಕೇಳಿದೆ.

"ಏನೂ ಇಲ್ಲರಿ. ಹುಟ್ಟುವಾಗಲೇ ಬಂದದ್ದಿದು. ಜ್ವರ ಬರದಿದ್ದರೂ ಹಿಂಗ ಇರ್ತಿತ್ತು."

ಊರಿಗೆ ಬರುವ ಬಸ್ಸಿನಲ್ಲಿ ಕೂತು ಯೋಚಿಸಿದೆ. ಇದನ್ನು ಹೇಳಿದರೆ ಕೊಟ್ಟ ಅಕ್ಕನಿಗೆ ನೋವು, ಮಾಡಿಕೊಂಡ ನೀಲಾಳಿಗೆ ನೋವು, ಮುಂದೆ ನಿಂತು ಅಕ್ಕಿ ಹಾಕಿದ ಅವ್ವನಿಗೆ ನೋವು. ಸುಮ್ಮನಿದ್ದರೆ ಯಾರಿಗೂ ನೋವಿಲ್ಲ. ನನ್ನನ್ನೂ ಯಾರೂ "ಓದಿದವ ನೀನು, ನಿನಗೆ ತಿಳಿಯಲಿಲ್ಲವೇ" ಎಂದು ಕೇಳುವುದಿಲ್ಲ. ಈ ಕೊನೆಯದನ್ನು ಅಂದು ನನಗೆ ನಾನೇ ಒಪ್ಪಿಕೊಂಡಿರಲಿಲ್ಲ. ಮನೆಗೆ ಬಂದು, "ರಿಪೋರ್ಟಿನ್ಯಾಗ ಏನೂ ಇಲ್ಲ. ಆ ಜ್ವರದಿಂದ ಆಗೇತಂತ" ಎಂದೆ. ನೀಲಾ ಸೌಟು ಕೆಳಗಿಟ್ಟು, "ಹೂಂ" ಅಂದಳು. ಹಾವೇರಿಯಲ್ಲಿ ಕೇಳಿದರೂ ಏನೂ ಸಿಕ್ಕಿಲ್ಲ ಅನ್ನು ಎಂದೆ. ವರದಿಯನ್ನು ಕಂಪನಿಯ ಕಪಾಟಿನಲ್ಲಿ ಬೀಜದ ವರದಿಗಳ ನಡುವೆ ಇಟ್ಟೆ.

ಹೀಗೆ ಎರಡು ವರ್ಷ ಕಳೆಯಿತು. ಸುಚಿ ಮೂರು ದಾಟಿದ ಮೇಲೆ ನಡೆದಳು. ಮಷೀನು ಹಾಕಿದರೆ ಟ್ರ್ಯಾಕ್ಟರಿನ ಸದ್ದಿಗೆ ನಗುತ್ತಾಳೆ. ನೀರು ಬೇಕಾದರೆ ಹೆಬ್ಬೆರಳು ಬಾಯಿಗೆ ತರುತ್ತಾಳೆ, ಬೇಡವಾದರೆ ಲೋಟವನ್ನೇ ಒಗೆಯುತ್ತಾಳೆ. ಅವ್ವ ಮಾತಾಡುವಾಗ ಅವಳ ಗಂಟಲ ಮೇಲೆ ಕೈಯಿಟ್ಟುಕೊಂಡು ಕೂರುವುದೆಂದರೆ ಅವಳಿಗೆ ಬಹಳ ಇಷ್ಟ. ನೀಲಾ ಪ್ರತಿ ಮಂಗಳವಾರ ಅವಳನ್ನು ಕಟ್ಟಿಕೊಂಡು ಹಾವೇರಿಯ ಬಸ್ಸು ಹತ್ತುತ್ತಿದ್ದಳು, ಒಂದು ವಾರವನ್ನೂ ತಪ್ಪಿಸಲಿಲ್ಲ. ಹೊಲದ ಕಡೆ ಮಾತ್ರ ಕಾಲಿಡುವುದನ್ನು ಬಿಟ್ಟಳು. ಮೇಡ್ಲೇರಿಯಲ್ಲಿ ಅವಳಷ್ಟು ಚುರುಕಾಗಿ ಹೂ ಮುಟ್ಟಿಸುವ ಬೆರಳು ಇನ್ನೊಂದಿರಲಿಲ್ಲ. ಇನ್ನೊಂದು ಕೂಸಿನ ಮಾತು ಬಂದರೆ ಎದ್ದು ಒಳಗೆ ಹೋಗುತ್ತಿದ್ದಳು. ಸುಚಿಯನ್ನು ನೋಡಿಕೊಳ್ಳುವುದರಲ್ಲೇ ದಣಿದಿದ್ದಾಳೆ ಎಂದು ನಾನು ತಿಳಿದೆ. ನಾಲ್ಕರಲ್ಲಿ ಒಂದು ಅನ್ನುವುದು ಗೊತ್ತಿದ್ದವನಿಗೆ ಇನ್ನೊಂದು ಬೇಡ ಅಂದದ್ದು ಅನುಕೂಲವೇ ಆಯಿತು.

ಈ ಶ್ರಾವಣದ ಮೊದಲ ವಾರ ಬ್ಯಾಡಗಿಯಿಂದ ಅಕ್ಕನ ಫೋನು ಬಂತು.

"ತಮ್ಮಾ, ಮಧುಗ ಸುಭಾಷನ್ನ ಮಾಡೂಣು ಅಂತ ಮಾಡೇವಿ. ಅವರಿಬ್ಬರೂ ಒಪ್ಪ್ಯಾರ. ಮುಂದಿನ ಐತವಾರ ಸಕ್ಕರಿ ಹಂಚಿಬಿಡೂಣು."

ಸಕ್ಕರೆ ಹಂಚಿದರೆ ನಮ್ಮ ಕಡೆ ಮದುವೆ ನಿಶ್ಚಯವಾದಂತೆ. ಮಧು ನೀಲಾಳ ತಂಗಿ. ಬಿ.ಕಾಂ. ಮುಗಿಸಿ ಹಾವೇರಿಯ ಒಂದು ಸೊಸೈಟಿಯಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಸುಭಾಷ ನನ್ನ ತಮ್ಮ, ರಾಣೇಬೆನ್ನೂರಿನಲ್ಲಿ ಪಂಪ್‌ಸೆಟ್ ಮೋಟಾರು ರಿಪೇರಿಯ ಅಂಗಡಿ ಇಟ್ಟುಕೊಂಡಿದ್ದಾನೆ. ಇಬ್ಬರೂ ಒಬ್ಬರನ್ನೊಬ್ಬರು ಮೆಚ್ಚಿದ್ದರು, ಕಣ್ಣಿದ್ದವರಿಗೆಲ್ಲ ಅದು ಕಂಡಿತ್ತು. ನನಗೆ ಕಂಡದ್ದು ಡಾಕ್ಟರಮ್ಮ ಬರೆದ ಅರ್ಧರ್ಧ ಬಣ್ಣದ ಗೊಂಬೆಗಳು. ಸುಭಾಷನಲ್ಲಿ ಆ ಪಾಲು ಇರಬಹುದು, ಮಧುವಿನಲ್ಲೂ ಇರಬಹುದು. ಇಬ್ಬರಲ್ಲೂ ಇದ್ದರೆ ಇನ್ನೊಂದು ಸುಚಿ ಹುಟ್ಟಬಹುದು. ಅದು ಗೊತ್ತಿರುವವನು ಮನೆಯಲ್ಲಿ ನಾನೊಬ್ಬನೇ.

ಮೊದಲು ಅಡ್ಡದಾರಿ ಹಿಡಿದೆ. "ಮನೀ ಹುಡುಗಿ ಯಾಕ, ಹೊರಗಿನ ಸಂಬಂಧ ನೋಡೂಣು" ಎಂದು ಸುಭಾಷನಿಗೆ ಹೇಳಿದೆ. ಅವನು ನಕ್ಕು, "ಅಣ್ಣಾ, ನೀ ಮಾತ್ರ ಮನೀ ಹುಡುಗೀನ ಮಾಡಕೊಂಡಿ, ನಾ ಹೊರಗ ಹುಡುಕಬೇಕೇನು?" ಅಂದ. ಆ ಮಾತು ಬ್ಯಾಡಗಿಗೆ ಹೋಗಿ ಅಕ್ಕನ ಫೋನು ಮತ್ತೆ ಬಂತು. "ದೊಡ್ಡಾಕಿನ್ನ ಕೊಟ್ಟಾಗ ಬ್ಯಾಡ ಅನಲಿಲ್ಲ. ಸಣ್ಣಾಕಿ ಏನ ಕುಲಗೇಡಿ ಆಗ್ಯಾಳ? ಸುಚೀನ ನೋಡಿ ನಮ್ಮ ಹುಡುಗ್ಯಾರಿಗೆ ಕೂಸ ಸಾಕಾಕ ಬರಂಗಿಲ್ಲ ಅಂತ ಮಾಡೀಯೇನು?" ಎಂದು ಅತ್ತಳು. ಬಾಯಿ ಬಿಟ್ಟರೆ ಬಣ್ಣಗೇಡು. ನಾನು ಫೋನಿಟ್ಟೆ.

ಮಂಗಳವಾರ ನೀಲಾ ಹಾವೇರಿಗೆ ಹೋದ ಮೇಲೆ ಅವ್ವನ ಹತ್ತಿರ ಕೂತೆ. ಅವಳು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಅವ್ವ ಮೂವತ್ತು ವರ್ಷ ಕ್ರಾಸಿಂಗ್ ಗುಂಪಿನ ಮುಂದಾಳಾಗಿದ್ದವಳು. ಡಿಪ್ಲೊಮಾ ಒಂದನ್ನು ಬಿಟ್ಟರೆ ನನಗಿಂತ ಹೆಚ್ಚು ಬಲ್ಲವಳು.

"ಯವ್ವಾ, ಸುಚೀದು ಜ್ವರದಿಂದ ಆಗಿದ್ದಲ್ಲ."

"ಮತ್ತ?"

"ಹುಟ್ಟಾ ಬಂದೈತಿ. ಅರ್ಧ ನನ್ನ ಕಡಿಂದ, ಅರ್ಧ ನೀಲಾನ ಕಡಿಂದ. ನಮ್ಮೊಳಗ ಐತಿ, ಹೊರಗ ಕಾಣಂಗಿಲ್ಲ. ಎರಡೂ ಒಂದ ಕೂಸಿನ್ಯಾಗ ಕೂಡಿದ್ರ ಕಾಣತೈತಿ."

ಮೊರ ನಿಂತಿತು. "ಮೊಗ್ಗಿ ಸುಲೀಲಾರದ ಬಿಟ್ಟಂಗ" ಅಂದಳು.

"ಹೂಂ."

"ಹಂಗಾರ ನಮ್ಮ ಡಾಕಪ್ಪಂದೂ ಅದ."

ಡಾಕಪ್ಪ ಅವ್ವನ ತಮ್ಮ. ಅವನಿಗೆ ಕಿವಿ ಕೇಳುತ್ತಿರಲಿಲ್ಲ, ಐದು ವರ್ಷಕ್ಕೆ ನಡೆದ, ಹನ್ನೊಂದಕ್ಕೆ ತೀರಿಕೊಂಡ. ನಾನು ನೋಡಿದವನಲ್ಲ. ಅವನಿಗೂ ಜ್ವರ ಬಂದು ಕಿವಿ ಹೋಯಿತು ಎಂದೇ ನಮ್ಮ ಮನೆಯ ಮಾತು. ಹುಬ್ಬಳ್ಳಿಯ ಬಸ್ಸಿನಲ್ಲಿ ಜ್ವರ ಅನ್ನುವ ಸುಳ್ಳು ನನಗೆ ಅಷ್ಟು ಸಲೀಸಾಗಿ ಹೊಳೆದದ್ದು ಯಾಕೆಂದು ಈಗ ಅರ್ಥವಾಯಿತು. ನಾನು ಸುಳ್ಳನ್ನೂ ಹೊಸದಾಗಿ ಕಟ್ಟಿರಲಿಲ್ಲ.

"ನಮ್ಮವ್ವ ಅವನ್ನ ಮಲಗಿಸಿ ಹೊಳಿಗೆ ನೀರಿಗೆ ಹೋಗಿದ್ಲಂತ. ಬರೂದ್ರಾಗ ಜ್ವರ ಏರಿತ್ತು" ಎಂದಳು ಅವ್ವ. "ಸಾಯೂತನಕಾ ಅಂದ್ಲು, ನನ್ನ ಮಗನ ಕಿವಿ ನಾನ ತಿಂದೆ ಅಂತ. ಕಡೀ ದಿವಸ ಬಾಯಾಗ ನೀರ ಬಿಡಾಕ ಹೋದ್ರ ಒಲ್ಲೆ ಅಂದ್ಲು. ಅಂಥಾ ಹೆಣಮಗಳು." ಸ್ವಲ್ಪ ಹೊತ್ತು ಜೋಳದಲ್ಲಿ ಕೈಯಾಡಿಸಿದಳು. "ನೀಲಾಗ ಹೇಳೀಯೇನು?"

"ಇಲ್ಲ. ಸುಮ್ಮನ ಅಕಿಗ್ಯಾಕ ಸಂಕಟ?"

"ಈಗ ಸಂಕಟ ಇಲ್ಲೇನು ಅಕಿಗೆ?" ಅವ್ವ ನನ್ನನ್ನು ನೋಡಿದಳು. "ಎರಡು ವರ್ಷಾತು, ಹೊಲದ ಹಾದಿ ಹಿಡಿದಿಲ್ಲ. ನೀ ಕಣ್ಣ ಎಲ್ಲಿ ಇಟಗೊಂಡಿದ್ದಿ?"

ನನಗೆ ಆಗ ತಿಳಿಯಿತು. ಯಾರಿಗೂ ನೋವಾಗದಿರಲಿ ಎಂದು ಹೇಳಿದ ಸುಳ್ಳಿನ ಅಷ್ಟೂ ಭಾರ ಒಬ್ಬಳ ತಲೆಯ ಮೇಲೆ ಕೂತಿತ್ತು. ಜ್ವರದಿಂದ ಕಿವಿ ಹೋಯಿತು ಅಂದರೆ, ಜ್ವರದ ಕೂಸನ್ನು ಗಿಡಕ್ಕೆ ಕಟ್ಟಿ ಎರಡು ಸಾಲು ಮುಗಿಸಿದವಳಿಂದ ಹೋಯಿತು ಎಂದೇ ಅರ್ಥ. ನಾನು ಹಾಗೆ ಹೇಳಿರಲಿಲ್ಲ, ಆದರೆ ಕೇಳಿದವರೆಲ್ಲ ಕೇಳಿಸಿಕೊಂಡದ್ದು ಅದನ್ನೇ.

"ನಾ ಹೇಳಂಗಿಲ್ಲ. ಸುಳ್ಳ ಹೇಳಿದಾವ ನೀ, ನೀನ ಹೇಳಬೇಕು. ಸಕ್ಕರಿಗಿಂತ ಮೊದಲ" ಎಂದಳು ಅವ್ವ.

ಬುಧವಾರ ಹೇಳಲಿಲ್ಲ. ಗುರುವಾರ ನೀಲಾ ಸುಚಿಯ ಕಿವಿಗೆ ಮಷೀನು ಹಾಕುತ್ತಿದ್ದಾಗ ಬಾಯಿ ತೆರೆದೆ. ಮಷೀನು ಕುಂಯ್ ಎಂದಿತು, ಸುಚಿ ಅದನ್ನು ಕಿತ್ತೊಗೆದಳು, ಅಷ್ಟೇ ನೆಪ ಸಾಕಾಯಿತು. ಶುಕ್ರವಾರ ಗಳಗನಾಥಕ್ಕೆ ಫೀಲ್ಡಿಗೆ ಹೋದೆ. ಹೋಗಲೇಬೇಕಾದ ಕೆಲಸವೇನೂ ಇರಲಿಲ್ಲ. ಶನಿವಾರ ನೀಲಾ ತಂಗಿಗೆಂದು ಸೀರೆ ತಂದು ತೋರಿಸಿದಳು, ಚೆನ್ನಾಗಿದೆ ಅಂದೆ. ಪುಕ್ಕಲನಿಗೆ ವಾರದ ಏಳು ದಿನವೂ ಅಮಾವಾಸ್ಯೆಯೇ.

ಭಾನುವಾರ ಎಲ್ಲರೂ ಬ್ಯಾಡಗಿಗೆ ಹೋದೆವು. ಅಕ್ಕನ ಗಂಡ ಹಾಲೇಶಪ್ಪ ಮಾವ ಮೆಣಸಿನಕಾಯಿ ಪೇಟೆಯಲ್ಲಿ ದಲಾಲಿ ಅಂಗಡಿಯ ಗುಮಾಸ್ತ. ಆ ಮನೆಯಲ್ಲಿ ಶ್ರಾವಣದಲ್ಲೂ ಮೆಣಸಿನಕಾಯಿಯ ಘಾಟು ಇರುತ್ತದೆ, ಹೊಸಬರು ಸೀನುತ್ತಲೇ ಒಳಗೆ ಬರುತ್ತಾರೆ. ಹತ್ತಿಪ್ಪತ್ತು ಜನ ಸೇರಿದ್ದರು. ತಾಟಿನಲ್ಲಿ ಸಕ್ಕರೆ, ಎಲೆಅಡಿಕೆ, ಕಾಯಿ. ಸುಭಾಷ ಹೊಸ ಅಂಗಿಯಲ್ಲಿ ಬೆವರುತ್ತಿದ್ದ. ನೀಲಾ ಗೋಡೆಗೆ ಒರಗಿ ಕೂತಿದ್ದಳು, ಸುಚಿ ಅವಳ ತೊಡೆಯ ಮೇಲೆ ಮಲಗಿದ್ದಳು.

ಯಾರೋ ಹೆಂಗಸು ಸುಚಿಯನ್ನು ನೋಡಿ, "ಪಾಪ, ಹುಟ್ಟಾ ಹಿಂಗ ಏನವ್ವಾ?" ಎಂದು ಕೇಳಿದಳು.

ಅಕ್ಕ ಉತ್ತರ ಕೊಟ್ಟಳು. "ಹುಟ್ಟಾ ಅಲ್ಲವ್ವಾ, ಚಲೋ ಇತ್ತು. ಜ್ವರ ಬಂದಿತ್ತು, ಈಕಿ ಎರಡು ಸಾಲ ಮುಗಿಸಿ ಬರ್ತೇನಿ ಅಂತ ಹೊಲದಾಗ ಕುಂತ್ಲು. ಜ್ವರ ನೆತ್ತಿಗೇರಿತು." ಆಮೇಲೆ ಮಧುವಿನ ಕಡೆ ತಿರುಗಿ, "ನೀ ನಿಮ್ಮಕ್ಕನಂಗ ಮಾಡಬ್ಯಾಡ ಮತ್ತ" ಅಂದಳು. ಅದರಲ್ಲಿ ಸಿಟ್ಟಿರಲಿಲ್ಲ. ಮಳೆ ಬಂತು, ಬಿಸಿಲು ಬಿತ್ತು ಅನ್ನುವ ಧಾಟಿಯಲ್ಲಿ ಹೇಳಿದಳು, ಅಷ್ಟು ಸಲ ಹೇಳಿ ರೂಢಿಯಾಗಿತ್ತು. ನೀಲಾ ಸುಚಿಯ ಲಂಗದ ಅಂಚನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು.

"ಅಕ್ಕಾ, ಅದು ಸುಳ್ಳು" ಎಂದೆ ನಾನು.

ಕೂತಲ್ಲೇ ಹೇಳಿದೆ. ವರದಿಯ ಮಾತು, ಎರಡು ಪಾಲಿನ ಮಾತು, ನಾಲ್ಕರಲ್ಲಿ ಒಂದರ ಮಾತು. ಸುಭಾಷ, ಮಧು ಇಬ್ಬರೂ ರಕ್ತ ಪರೀಕ್ಷೆ ಮಾಡಿಸುವವರೆಗೆ ಸಕ್ಕರೆ ಬೇಡ ಎಂದೂ ಹೇಳಿದೆ. ಹೇಳುತ್ತ ಹೇಳುತ್ತ ನನ್ನ ಧ್ವನಿ ಬದುವಿನ ಭಾಷಣದ ಧ್ವನಿಯಾಯಿತು, ಅದಕ್ಕೆ ನನಗೇ ಅಸಹ್ಯವಾಯಿತು.

ಹಾಲೇಶಪ್ಪ ಮಾವ ಎದ್ದು ನಿಂತರು. "ನಮ್ಮ ಮನೆತನದಾಗ ಮೂರು ತಲೀಲಿಂದ ಇಂಥಾದ್ದಿಲ್ಲ. ನನ್ನ ಮಗಳ ರಕ್ತ ಪರೀಕ್ಷಾ ಮಾಡಸ್ತೀಯೇನು? ಅಕಿ ಏನ ನಿನ್ನ ಕಂಪನಿ ಬೀಜದ ಚೀಲಾ?"

"ನಿಮ್ಮ ಮನೆತನದ್ದಲ್ಲ, ಕುಂದ್ರಪ್ಪಾ" ಎಂದಳು ಅವ್ವ. ಅವಳು ಅಷ್ಟು ಜನರ ನಡುವೆ ಮಾತಾಡಿದ್ದನ್ನು ನಾನು ನೋಡಿದ್ದು ಕಡಿಮೆ. "ಅದು ನನ್ನ ಹೊಟ್ಟೀಂದು. ನನ್ನಿಂದ ನನ್ನ ಮಗಳಿಗೆ ಬಂತು, ಮಗಗ ಬಂತು. ಅಕೀ ಮಗಳನ್ನ ಇವಗ ತಂದಾಕೀನೂ ನಾನ. ನನ್ನ ತಮ್ಮ ಡಾಕಪ್ಪ ಹಿಂಗ ಇದ್ದ. ಅವನ್ನ ಕಣ್ಣಾರೆ ನೋಡಿದ್ದೂ ನಾ ಜ್ವರ ಅಂದ್ಕೊಂಡ ಕುಂತೆ."

ಅಕ್ಕ ಸೆರಗು ಬಾಯಿಗೆ ಹಚ್ಚಿ ಅಳತೊಡಗಿದಳು. ಮಧು ಸುಭಾಷನ ಕಡೆ ನೋಡಿದಳು, ಅವನು ನನ್ನ ಕಡೆ ನೋಡಿದ. ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಆ ಗದ್ದಲದಲ್ಲಿ ನೀಲಾ ನನ್ನನ್ನೇ ನೋಡುತ್ತ ಮೆಲ್ಲಗೆ ಕೇಳಿದಳು.

"ಮಾಮಾ, ನಾ ಅವತ್ತ ಎಂಟಕ್ಕ ಬಂದಿದ್ರ?"

"ಎಂಟಕ್ಕ ಬಂದಿದ್ರೂ ಇಷ್ಟ ಆಗ್ತಿತ್ತು. ಹುಟ್ಟಿದ ದಿನಾನೂ ಅಕಿಗೆ ಕೇಳತಿದ್ದಿಲ್ಲ."

"ಹೊಲಕ್ಕ ಹೋಗಲಾರದ ಮನ್ಯಾಗ ಇದ್ದಿದ್ರ?"

"ಆಗೂ ಇಷ್ಟ."

"ಇದು ನಿಮಗ ಯಾವಾಗ ಗೊತ್ತಾತು?"

"ಹೋದ ವರ್ಷದ ಹಿಂದಿನ ದೀಪಾವಳಿ ಮುಂದ."

ಅವಳು ಅಳುತ್ತಾಳೆ, ಹಗುರಾಗುತ್ತಾಳೆ ಎಂದು ನಾನು ಮನಸ್ಸಿನಲ್ಲೇ ಎಣಿಸಿದ್ದೆ. ಅವಳು ಅಳಲಿಲ್ಲ. ಮಲಗಿದ್ದ ಸುಚಿಯನ್ನು ಎತ್ತಿ ನನ್ನ ತೊಡೆಯ ಮೇಲೆ ಹಾಕಿದಳು.

"ರಾತ್ರಿ ಮಕ್ಕೊಂಡಾಗ ಆ ಎರಡು ಸಾಲ ಎಣಸ್ತಿದ್ದೆ ನಾ. ಎಷ್ಟ ಹೂವ ಇದ್ವು, ಒಂದೊಂದಕ್ಕ ಎಷ್ಟ ಹೊತ್ತ ಹಿಡೀತು ಅಂತ. ಮೊದಲನೇ ಸಾಲಿಗೆ ಬಿಟ್ಟ ಬಂದಿದ್ರ ಒಂದ ಕಿವಿಯರ ಉಳೀತಿತ್ತೇನೋ ಅಂತ. ಇನ್ನೊಂದ ಕೂಸು ನನ್ನ ಕೈಯಾಗ ಉಳಿಯಂಗಿಲ್ಲ ಅಂದ್ಕೊಂಡೆ. ನೀ ಮಗ್ಗಲದಾಗ ಇದ್ದಿ. ಒಂದ ಮಾತ ಹೇಳಬೇಕಿತ್ತು ನೀ."

ಮದುವೆಯಾದ ಐದು ವರ್ಷದಲ್ಲಿ ಮೊದಲ ಸಲ ಅವಳು ನನ್ನನ್ನು ನೀ ಅಂದಳು. ನನಗೆ ನಾಚಿಕೆಯಾಯಿತು. ನಾಚಿಕೆ ಅನ್ನುವುದು ಸಣ್ಣ ಮಾತಾಯಿತು, ಆದರೆ ನನಗೆ ಬೇರೆ ಮಾತು ಗೊತ್ತಿಲ್ಲ.

ಅಂದು ಸಕ್ಕರೆ ಹಂಚಲಿಲ್ಲ. ಅದನ್ನು ಯಾರೋ ಚಹಾಕ್ಕೆ ಹಾಕಿದರು.

ಮಂಗಳವಾರ ನೀಲಾ ನನ್ನ ಕಂಪನಿಗೆ ಬಂದು, ಕಪಾಟಿನಿಂದ ವರದಿ ಕೇಳಿ ಇಸಿದುಕೊಂಡು ಹಾವೇರಿಗೆ ಹೋದಳು. ಅದರ ಮುಂದಿನ ವಾರ ಮಧು ಮತ್ತು ಸುಭಾಷನನ್ನು ಹುಬ್ಬಳ್ಳಿಗೆ ಕರೆದೊಯ್ದಳು. ಡಾಕ್ಟರಮ್ಮನ ಎದುರು ಎರಡು ತಾಸು ಕೂತಳಂತೆ. ಹಾಳೆಯ ಮೇಲೆ ತಾನೇ ಗೊಂಬೆ ಬರೆದು ಬಣ್ಣ ತುಂಬಿ ಸರಿಯೇ ಎಂದು ಕೇಳಿದಳಂತೆ. ಇದನ್ನೆಲ್ಲ ಸುಭಾಷ ಹೇಳಿದ. ಅವಳು ನನ್ನೊಡನೆ ಊಟಕ್ಕೆ ಬಾ, ಸುಚಿಯನ್ನು ಹಿಡಿ ಅನ್ನುವಷ್ಟೇ ಮಾತಾಡುತ್ತಿದ್ದಳು.

ಒಂದು ಸಂಜೆ ಎದುರು ಬಂದು ನಿಂತಳು. "ಎಷ್ಟ ಮಂದೀಗೆ ಜ್ವರ ಅಂತ ಹೇಳೀದಿ?"

"ಬಾಳ ಮಂದಿಗೆ."

"ಅವರೆಲ್ಲಾರ ಮನೀಗೂ ಹೋಗಿ ಅಲ್ಲ ಅಂತ ಹೇಳು. ನಾ ಸಂಗಾಟ ಬರ್ತೇನಿ."

ಹೋದೆವು. ಮೇಡ್ಲೇರಿಯಲ್ಲಿ ಓಣಿ ಓಣಿ ತಿರುಗಿದೆವು, ಗುತ್ತಲದಲ್ಲಿ ಚಿಕ್ಕಪ್ಪನ ಮನೆಗೆ, ರಾಣೇಬೆನ್ನೂರಿನಲ್ಲಿ ನನ್ನ ಜೊತೆಯ ಸೂಪರ್‌ವೈಸರನ ಮನೆಗೆ. ಪ್ರತಿ ಮನೆಯಲ್ಲೂ ಚಹಾ ಕುಡಿದು, ಅದು ಜ್ವರದಿಂದ ಆದದ್ದಲ್ಲ, ನೀಲಾ ತಡ ಮಾಡಿದ್ದಕ್ಕೆ ಆದದ್ದಲ್ಲ, ನಾನು ಗೊತ್ತಿದ್ದೂ ಸುಳ್ಳು ಹೇಳಿದೆ ಎಂದೆ. ಕೆಲವರು ಪಾಪ ಅಂದರು, ಕೆಲವರಿಗೆ ಅರ್ಥವಾಗಲಿಲ್ಲ. ಚಿಕ್ಕಪ್ಪ, "ಈಗ್ಯಾಕೋ ಇದೆಲ್ಲಾ?" ಅಂದ. ನೀಲಾ ಬಾಗಿಲ ಬಳಿ ಕೂತಿರುತ್ತಿದ್ದಳು. ನಾನು ಯಾವುದನ್ನಾದರೂ ನುಂಗಿಕೊಂಡರೆ ಅವಳ ಕಣ್ಣು ನನ್ನ ಮೇಲೆ ಬರುತ್ತಿತ್ತು, ನಾನು ಅದನ್ನೂ ಹೇಳುತ್ತಿದ್ದೆ.

ಹುಬ್ಬಳ್ಳಿಯ ಫಲಿತಾಂಶ ಬಂತು. ಸುಭಾಷನಲ್ಲಿ ಆ ಪಾಲು ಇದೆ, ಮಧುವಿನಲ್ಲಿ ಇಲ್ಲ. ಅವರ ಮಕ್ಕಳಿಗೆ ಈ ಕಾಯಿಲೆಯ ಭಯವಿಲ್ಲ ಅಂದರು. ಹಾಲೇಶಪ್ಪ ಮಾವ ಇದು ತಮ್ಮ ಮನೆತನದ ಗೆಲುವೆಂದು ಪೇಟೆಯಲ್ಲಿ ಹೇಳಿಕೊಂಡು ತಿರುಗಿದರು. ಅಕ್ಕ ನೀಲಾಳಿಗೆ ಫೋನು ಮಾಡಿ ಬಹಳ ಹೊತ್ತು ಅತ್ತಳು, ನನಗೆ ಮಾಡಲಿಲ್ಲ. ದೀಪಾವಳಿ ದಾಟಿದ ಮೇಲೆ ಮದುವೆ.

ಎಲ್ಲ ಮುಗಿಯಿತು ಎಂದು ನಾನು ತಿಳಿದಿದ್ದೆ. "ಹೊಲ ಉಳಿದೈತಿ" ಅಂದಳು ನೀಲಾ.

ಅದು ಉಳಿದಿದೆ ಅನ್ನುವುದು ನನಗೂ ಗೊತ್ತಿತ್ತು, ಅದಕ್ಕೇ ಆ ಮಾತು ಎತ್ತಿರಲಿಲ್ಲ. ಮನೆಗಳಲ್ಲಿ ಆಡಿದ ಮಾತು ಮನೆಗಳಲ್ಲೇ ಉಳಿಯುತ್ತದೆ. ಕ್ರಾಸಿಂಗ್ ಗುಂಪುಗಳಲ್ಲಿ ಅದು ಗಾದೆಯಾಗಿತ್ತು. ಹೊಸದಾಗಿ ಕೂಸು ಕಟ್ಟಿಕೊಂಡು ಬಂದವಳಿಗೆ, "ಮೈ ಬೆಚ್ಚಗಾದ್ರ ಲಗೂ ಮನೀಗೆ ಹೋಗು, ನೀಲಾನ ಎರಡು ಸಾಲ ಮಾಡಬ್ಯಾಡ" ಎಂದು ಹಿರಿಯರು ಹೇಳುವುದನ್ನು ನಾನೇ ಎಷ್ಟೋ ಬದುಗಳ ಮೇಲೆ ನಿಂತು ಕೇಳಿದ್ದೇನೆ. ಕೇಳಿ ಮುಂದಿನ ಸಾಲಿಗೆ ಹೋಗಿದ್ದೇನೆ.

ಸೆಪ್ಟೆಂಬರಿನ ಕೊನೆಯ ವಾರ, ಬೆಳಿಗ್ಗೆ ಏಳೂವರೆ. ಮೇಡ್ಲೇರಿಯ ದೊಡ್ಡ ಪ್ಲಾಟಿನಲ್ಲಿ ನಲವತ್ತು ಹೆಂಗಸರು ಗಂಡು ಹೂವಿನ ಬುಟ್ಟಿ ಹಿಡಿದು ಸಾಲು ಹಂಚಿಕೊಂಡು ನಿಂತಿದ್ದರು. ಅವ್ವ ಬಿಟ್ಟ ಮೇಲೆ ಗುಂಪಿನ ಮುಂದಾಳಾದವಳು ಜಾಹೀದಾ. ಜ್ವರದ ದಿನ ನೀಲಾಳ ಪಕ್ಕದ ಸಾಲಿನಲ್ಲಿದ್ದವಳು ಅವಳೇ. ನೀಲಾ ಬದುವಿನ ಮೇಲೆ ಬಂದದ್ದನ್ನು ನೋಡಿ ಎಲ್ಲರೂ ಇತ್ತ ತಿರುಗಿದರು.

"ಏನ ಹೇಳಾವರಿದ್ರಿ ಲಗೂ ಹೇಳ್ರಿ ಸರ, ಬಿಸಿಲ ಏರ್ತೈತಿ" ಅಂದಳು ಜಾಹೀದಾ.

ಹೇಳಿದೆ. ಮನೆಗಳಲ್ಲಿ ಹೇಳಿದ್ದಕ್ಕಿಂತ ಇಲ್ಲಿ ಸುಲಭವಾಯಿತು. ಇವರಿಗೆ ಗೊಂಬೆ ಬರೆದು ತೋರಿಸಬೇಕಾಗಿರಲಿಲ್ಲ, ಮೊಗ್ಗಿನ ಮಾತು ಎತ್ತಿದ ಕೂಡಲೇ ತಲೆಯಾಡಿಸಿದರು.

ಜಾಹೀದಾ ಬುಟ್ಟಿ ಕೆಳಗಿಟ್ಟಳು. "ಹಂಗಾರ ನೀಲಾಂದು ತಪ್ಪ ಇಲ್ಲ?"

"ಇಲ್ಲ."

"ನಾ ಎಷ್ಟ ಮಂದೀ ಮುಂದ ಅಕೀ ಹೆಸರ ತಗೊಂಡೇನಿ, ಯಾ ಅಲ್ಲಾ." ಅವಳು ನೀಲಾಳ ಕಡೆ ನೋಡಲಾರದೆ ನನ್ನ ಕಡೆ ತಿರುಗಿದಳು. "ನೀವು ಇಲ್ಲೇ ನಿಂತ ಕೇಳತಿದ್ರಿ. ಒಮ್ಮೆರ ಬ್ಯಾಡ ಅನಲಿಲ್ಲಲ್ರಿ?"

"ಅನಲಿಲ್ಲ. ನಂದು ತಪ್ಪು."

ಅಷ್ಟು ಸಾಕೆಂದು ನಾನು ಬದು ಇಳಿಯಲು ಹೊರಟೆ. ನೀಲಾ ದಾರಿಗೆ ಅಡ್ಡ ನಿಂತಿದ್ದಳು. ಸರಿಯಲಿಲ್ಲ. ಪ್ಲಾಟಿನ ಆ ತುದಿಯ ಕಡೆ ಕೈ ತೋರಿಸಿದಳು, ಅಲ್ಲಿ ಏಳೆಂಟು ಹುಡುಗಿಯರು ಏನಾಯಿತೆಂದು ಕತ್ತು ಚಾಚಿ ನೋಡುತ್ತಿದ್ದರು.

"ಕೊನೀ ಸಾಲಿನವರಿಗೆ ಕೇಳಿಲ್ಲ, ಮಾಮಾ. ಇನ್ನೊಮ್ಮೆ ಹೇಳು."

ನಾನು ಮತ್ತೆ ಬದು ಹತ್ತಿ, ಜೋರಾಗಿ, ಮೊದಲಿನಿಂದ ಹೇಳಿದೆ.